ಗಣಪಣ್ಣನಿಗೆ ಕೊಟ್ಟ ಟಾರ್ಚು

ಸ್ನೇಹಿತರೇ, ನಾನು ಶಿರಸಿ ಪೇಟೆಯಿಂದ ತಂದ ಒಂಬತ್ತು ಎಲ್‌ಇಡಿಯ ಅಗ್ಗದ ಟಾರ್ಚಿನ ಮರ್ಯಾದೆ ಇವತ್ತು ಬೆಳಿಗ್ಗೆ ಹೋಯಿತು. ಕತ್ತಲಾದ ಮೇಲೆ ಹೊರಟವರ ಕೈಗೆ ಟಾರ್ಚು ಕೊಟ್ಟು ಕಳಿಸುವುದು ನಮ್ಮ ಕಡೆಯ ರೂಢಿ. ನಿನ್ನೆ ಸಂಜೆ ಅದನ್ನು ಒಯ್ದಿದ್ದ ಪಕ್ಕದ ಮನೆಯ ಗಣಪಣ್ಣ ತಂದು ಜಗಲಿಯ ಮೇಲೆ ಕುಕ್ಕಿದ.

“ಒಂಬತ್ತು ದೀಪ ಇದ್ದು, ಬೆಳಕು ಕಾಲಬುಡ ದಾಟ್ತಿಲ್ಲೆ. ಎದುರಿಗೆ ನಿಂತದ್ದು ಹಂದಿಯೋ ನಮ್ಮನೆ ಎಮ್ಮೆಯೋ ಹೇಳಿ ಗೊತ್ತಾಜಿಲ್ಲೆ. ಇದು ನಿಂಗಕ್ಕೇ ಇರ್ಲಿ!”

ಮಂಚದ ಕೆಳಗೆ, ಅಟ್ಟದ ಮೂಲೆಯಲ್ಲಿ ಹಾಲು ಚೆಲ್ಲಿದಂಥ ಬೆಳಕು ಬೀಳುತ್ತದೆ ಎಂದು ನಾನು ವಾದಿಸುತ್ತಲೇ ಇದ್ದೆ. ಅಮ್ಮ ಟಾರ್ಚನ್ನು ಸೆರಗಿನಲ್ಲಿ ಒರೆಸಿ ಮೊಳೆಗೆ ನೇತುಹಾಕಿದಳು. ಗಣಪಣ್ಣ ಗೇಟು ದಾಟುವುದನ್ನೇ ಕಾದು ಹೇಳಿದಳು:

“ತಮಾ, ಈ ಮನೆಯಿಂದ ಕೊಟ್ಟ ಬ್ಯಾಟರಿ ತಿರುಗಿ ಬಂದಿದ್ದು ಇದೇ ಮೊದ್ಲು. ಇಂಥದ್ದೇ ಇನ್ನೆರಡು ತಗಂಬಾ.”