ಅಕ್ಕಿ ಪೆಟ್ಟಿಗೆಯ ಹನ್ನೊಂದು ಗಂಟುಗಳು

ಓಣಿಯ ಬೀಬಿಜಾನ್ ಅವರ ದುಡ್ಡಿನ ಗಂಟು ಹಸಿರು ಬಟ್ಟೆಯದು, ಮೇಲೆ ಎರಡು ಬಿಗಿ ಕಟ್ಟು. ಅಕ್ಕಿಯೊಳಗೆ ಪಾವು ಇಳಿಸಿದಾಗ ಮೊದಲು ತಗಲುತ್ತಿದ್ದುದು ಅದೇ.

ಎಪ್ಪತ್ತರ ದಶಕದ ಆ ದಿನಗಳಲ್ಲಿ ಶಿಕಾರಿಪುರದ ನಮ್ಮ ಓಣಿಯ ಹೆಂಗಸರು ಉಳಿಸಿದ ದುಡ್ಡನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನಮ್ಮಜ್ಜಿಯ ಬಳಿ ಇಡುತ್ತಿದ್ದರು; ಅವಳು ಅವನ್ನು ಅಕ್ಕಿ ಪೆಟ್ಟಿಗೆಯಲ್ಲಿ ಹುದುಗಿಸಿಡುತ್ತಿದ್ದಳು. ಬರೆದಿಡುವ ಪದ್ಧತಿಯಿರಲಿಲ್ಲ, ಬಟ್ಟೆಯ ಬಣ್ಣ, ಕಟ್ಟಿದ ಬಗೆ, ಅಷ್ಟೇ ಗುರುತು. ಗಂಡಂದಿರಿಗೆ ಗೊತ್ತಿರಲಿಲ್ಲ. ಅಪ್ಪಾಜಿಗೂ ಗೊತ್ತಿರಲಿಲ್ಲ. ಅಡುಗೆಗೆ ಅಕ್ಕಿ ತೆಗೆದುಕೊಡುವ ಕೆಲಸ ನನ್ನದಾದ್ದರಿಂದ, ಒಂಬತ್ತು ವರ್ಷದ ನನಗೆ ಹನ್ನೊಂದು ಗಂಟೂ ಯಾರ್ಯಾರದೆಂದು ಗೊತ್ತಿತ್ತು.

ಒಂದು ಶುಕ್ರವಾರ ಅಪ್ಪಾಜಿಯ ಬಟ್ಟೆ ಅಂಗಡಿಯ ಲೆಕ್ಕ ನೋಡಲು ಬಂದ ಆದಾಯ ತೆರಿಗೆಯವರು ಮನೆಯನ್ನೂ ಶೋಧಿಸಿದರು. ಗಂಟುಗಳನ್ನೆಲ್ಲ ಬಿಚ್ಚಿ ನೋಟುಗಳನ್ನು ಒಂದೇ ರಾಶಿ ಮಾಡಿದರು. ಅಕ್ಕಿ ಹುಡಿಯ ವಾಸನೆ ಕೋಣೆಯಲ್ಲಿ ಹರಡಿತು.

"ಅಂಗಡಿ ದುಡ್ಡೇ ಅಲ್ವೇನ್ರೀ ಇದು?" ಅಧಿಕಾರಿ ಕೇಳಿದರು.

"ಅಲ್ಲ," ಎಂದಳು ಅಜ್ಜಿ.

"ಮತ್ತೆ ಯಾರ್ದು?"

ಅಜ್ಜಿ ಸೆರಗು ಸರಿಮಾಡಿಕೊಂಡಳು.

ದುಡ್ಡು ಜಪ್ತಿಯಾಯಿತು. ಸೋಮವಾರದೊಳಗೆ ಯಾರದೆಂದು ತೋರಿಸದಿದ್ದರೆ ಬಚ್ಚಿಟ್ಟ ಲಾಭವೆಂದೇ ಲೆಕ್ಕ. ತೆರಿಗೆ, ಅದರ ಮೇಲೆ ದಂಡ. ಅಂಗಡಿ ಉಳಿಯುವಂತಿರಲಿಲ್ಲ.

"ಹೆಸರು ಹೇಳವ್ವಾ, ನಿನ್ ಕಾಲಿಗೆ ಬೀಳ್ತೀನಿ," ಎಂದರು ಅಪ್ಪಾಜಿ.

"ನಂಬಿ ಇಟ್ಟಾರಪ್ಪ. ಬಾಯಿ ಬಿಟ್ರೆ ನಾಳೆ ಯಾವ ಮುಖ ಹೊತ್ಕೊಂಡು ಓಣಿಲಿ ತಿರುಗ್ಲಿ?"

"ಅಂಗಡಿ ಹೋದ್ರೆ ಓಣಿನೇ ಬಿಡಬೇಕಾಗ್ತದೆ!"

ಭಾನುವಾರ ಸಂಜೆಯಾದರೂ ಅಜ್ಜಿ ಹೇಳಲಿಲ್ಲ. ಅಪ್ಪಾಜಿ ಎರಡು ದಿನದಿಂದ ಉಂಡಿರಲಿಲ್ಲ. ಬಿಚ್ಚಿ ಬಿಸಾಡಿದ್ದ ಬಟ್ಟೆ ಚೂರುಗಳನ್ನು ಅವರ ಮುಂದೆ ಹರಡಿ, ಒಂದೊಂದನ್ನೇ ಮುಟ್ಟಿ, ಹನ್ನೊಂದು ಹೆಸರನ್ನೂ ನಾನೇ ಹೇಳಿದೆ. ಅಜ್ಜಿ ಬಯ್ಯಲಿಲ್ಲ. ಎದ್ದು ಒಳಗೆ ಹೋದಳು.

ಅಪ್ಪಾಜಿ ಕರೆಸಿದ ಹೆಂಗಸರು ಸೋಮವಾರ ಅಧಿಕಾರಿಯ ಮುಂದೆ ಬಂದು ಹೇಳಿಕೆ ಕೊಟ್ಟರು; ಗಂಡಂದಿರಿಗೂ ವಿಷಯ ಗೊತ್ತಾಯಿತು. ತಮ್ಮ ತಮ್ಮ ಮೊತ್ತವನ್ನು ನೆನಪಿನಿಂದಲೇ ಹೇಳಿದರು. ಕೂಡಿದಾಗ ರಾಶಿಗೂ ಅದಕ್ಕೂ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗಲಿಲ್ಲ. ಅಧಿಕಾರಿ ಒಪ್ಪಿದರು.

ಸೊರಬದಿಂದ ಮದುವೆಯಾಗಿ ಬಂದಿದ್ದ ಬೀಬಿಜಾನ್ ಅಂಗಿಗಳಿಗೆ ಗುಂಡಿ ತೂರಿಸುವ ಕಾಜ ಹೊಲಿದು ಕೂಡಿಟ್ಟಿದ್ದು ಹೊಲಿಗೆ ಯಂತ್ರಕ್ಕೆಂದು. ದುಡ್ಡು ವಾಪಸ್ ಬಂದು ಅಪ್ಪಾಜಿ ಹಂಚಿದ ದಿನ ಬೀಬಿಜಾನ್ ಅವರ ಗಂಡನೂ ಬಂದಿದ್ದ.

"ನಮ್ಮನೇಲೇ ಬ್ಯಾಂಕ್ ಇತ್ತು ನೋಡ್ರೀ, ನಮಗೇ ಗೊತ್ತಿಲ್ಲ!" ಎಂದ ಅವನು.

ಗಂಡಸರೆಲ್ಲ ನಕ್ಕರು. ಹೆಂಡತಿಯ ದುಡ್ಡನ್ನು ಅವನೇ ಕೈ ಚಾಚಿ ತೆಗೆದುಕೊಂಡ. ಬೀಬಿಜಾನ್ ಖಾಲಿ ಹಸಿರು ಬಟ್ಟೆಯನ್ನು ಮಡಚಿಕೊಂಡು, ನನ್ನತ್ತ ನೋಡದೆ ಹೋದರು. ಯಂತ್ರ ಬರಲೇ ಇಲ್ಲ.

ಅಂಗಡಿ ಉಳಿಯಿತು. ನನ್ನನ್ನು ಎಂ.ಎ. ವರೆಗೆ ಓದಿಸಿದ್ದು ಅದೇ ಅಂಗಡಿ. ಆದರೆ ಮತ್ತೆಂದೂ ನಮ್ಮ ಮನೆಗೆ ಒಂದು ಗಂಟೂ ಬರಲಿಲ್ಲ. ಯಾರಾದರೂ ಗುಟ್ಟು ಹೇಳಲು ಹತ್ತಿರ ಬಂದರೆ ನಾನು ಈಗಲೂ ಮಾತು ಬದಲಿಸುತ್ತೇನೆ.

ದುಡ್ಡು ಹಂಚಿದ ಮರುದಿನ ಬೆಳಿಗ್ಗೆ ಅಮ್ಮ ಅಕ್ಕಿ ತರಲು ಹೇಳಿದಳು. ಗಂಟುಗಳನ್ನು ಸರಿಸಲೆಂದು ಅಭ್ಯಾಸದಂತೆ ಎಡಗೈ ಮುಂದಾಯಿತು. ಪಾವು ಏನಕ್ಕೂ ತಗಲದೆ ಅಕ್ಕಿಯೊಳಗೆ ಇಳಿದು ನೇರ ತಳಕ್ಕೆ ಬಡಿಯಿತು. ಮೂರು ಪಾವು ಅಳೆದು, ಪೆಟ್ಟಿಗೆ ಮುಚ್ಚಿದೆ.