ಗಾಜಿನಾಚೆಯ ಮೇಡಂ

ಕೊರೊನಾ ವಾರ್ಡಿನಲ್ಲಿ ನಾವು ನರ್ಸುಗಳು ಪಿಪಿಇ ಕಿಟ್ಟಿನೊಳಗೆ ಬೆವರಿ ಒದ್ದೆಯಾಗುತ್ತಿದ್ದಾಗ, ನಮ್ಮ ಸೂಪರಿಂಟೆಂಡೆಂಟ್ ಮೇಡಂ ಗಾಜಿನ ಬಾಗಿಲಿನಾಚೆ ನಿಂತು ಫೋನಿನಲ್ಲಿ ಧೈರ್ಯ ಹೇಳುತ್ತಿದ್ದರು: "ಹೆದರುವುದು ಎಂತಕ್ಕೆ ಮಾರಾಯ್ತಿ? ನಾನಿದ್ದೇನಲ್ಲ."

ಇದ್ದದ್ದು ನಿಜ, ಬಾಗಿಲಿನಾಚೆ.

ಒಳಗೆ ಬಂದದ್ದು ಒಮ್ಮೆ ಮಾತ್ರ, ಪೇಪರಿನವರು ಗಾಜಿನ ಹೊರಗಿನಿಂದ ಫೋಟೊ ತೆಗೆಯಲು ಬಂದ ದಿನ. ಕಿಟ್ಟಿನೊಳಗೆ ಯಾರು ಯಾರೆಂದು ಗೊತ್ತಾಗದ ಕಾರಣ ನಾವೆಲ್ಲ ಎದೆಯ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು. ಮೇಡಂ ನನ್ನಿಂದ ಬರೆಸಿಕೊಂಡದ್ದು 'ಸಿಸ್ಟರ್' ಎಂದು. ಫೋಟೊದಲ್ಲಿ ಅದೇ ಚೆಂದ ಕಾಣುತ್ತದಂತೆ.

ಉಳ್ಳಾಲದ ಅಜ್ಜನೊಬ್ಬರ ಕೈ ಹಿಡಿದು ನಿಂತರು. ಫೋಟೊ ಆಯಿತು. ಅಜ್ಜ ಆ ಕೈ ಬಿಡದೆ, ಎದೆಯ ಮೇಲಿನ ಅಕ್ಷರ ಓದಿ ಕೇಳಿದರು: "ಸಿಸ್ಟರ್, ಒಮ್ಮೆ ಬೆಡ್‌ಪ್ಯಾನ್ ಕೊಡಿ."

ಮೇಡಂ ಗಾಬರಿಯಿಂದ ನನ್ನತ್ತ ತಿರುಗಿದರು. "ಇಲ್ಲಿ ಸಿಸ್ಟರ್ ಯಾರೂ ಇಲ್ವಾ ಮಾರಾಯ್ತಿ?"