ಹೊತ್ತು ಹೇಳುವ ಗೊಂಬೆ

ಕುಲಗೋಡದ ಜಿನ್ನಪ್ಪನ ಹಟ ಊರಿಗೇ ಗೊತ್ತಿತ್ತು. ಮದುವೆಯಾದ ವರ್ಷ ಜೈನ ಮುನಿಗಳ ಮುಂದೆ ಕೈಮುಗಿದು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವುದಿಲ್ಲ ಎಂದು ವ್ರತ ಹಿಡಿದವನು. ಕಬ್ಬಿನ ಗಾಡಿ ಹೊಡೆದು ಮನೆಗೆ ಬರುವುದು ತಡವಾದರೆ ಹಸಿದೇ ಮಲಗುತ್ತಿದ್ದ. ಹೆಂಡತಿ ಪದ್ಮವ್ವ ತೀರಿಕೊಂಡಳು, ಕಾಚಬಿಂದುವಿನಿಂದ ಎರಡೂ ಕಣ್ಣು ಹೋದವು. ವ್ರತ ಮಾತ್ರ ಉಳಿಯಿತು. "ನಂದಂತ ಇನ್ನೇನ್ ಉಳದೈತಿ? ಇದೊಂದ ಐತಿ, ಇದನ್ನ ಕಟಗೊಂಡ ಹೋಗಾವ" ಅನ್ನುತ್ತಿದ್ದ.

ಆದರೆ ಕುರುಡನಿಗೆ ಹೊತ್ತು ಮುಳುಗಿದ್ದು ಹೇಗೆ ತಿಳಿಯಬೇಕು? ಸೊಸೆ ರೂಪಾಲಿ ಹೇಳಬೇಕು. ದಿನಾ ಸಂಜೆ ಅವಳು ತಾಟು ತಂದಿಟ್ಟು, ಪಡುವಣಕ್ಕೆ ನೋಡಿ, "ಮಾವಾರ, ಹೊತ್ತ ಇನ್ನೂ ಐತ್ರಿ, ಊಟಾ ಮಾಡ್ರಿ" ಎಂದರೆ ಮಾತ್ರ ಅವನ ಕೈ ರೊಟ್ಟಿಗೆ ಹೋಗುತ್ತಿತ್ತು.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಊರಿನ ಹಾಲಿನ ಡೇರಿಯಲ್ಲಿ ರೂಪಾಲಿಗೆ ಕೆಲಸ ಸಿಕ್ಕಿತು. ಹಾಲು ಅಳೆಯುವುದೂ ಸಂಜೆಯೇ. ಮಗ ಸನ್ಮತಿ ಮೂಡಲಗಿಯ ಬೆಲ್ಲದ ಅಂಗಡಿಯಿಂದ ಬರುವುದು ಕತ್ತಲಾದ ಮೇಲೆ. ಅವನೇ ಕೊಲ್ಲಾಪುರದಿಂದ ಒಂದು ಗೊಂಬೆ ತಂದ. ಅದರ ಹೊಟ್ಟೆಯಲ್ಲಿ ಗಡಿಯಾರ. ನಾವು ಆಡಿದ ಮಾತು ತುಂಬಿಟ್ಟುಕೊಂಡು, ಇಟ್ಟ ಹೊತ್ತಿಗೆ ಅದನ್ನೇ ಆಡುತ್ತದೆ. ರೂಪಾಲಿ ತನ್ನ ಆ ಮಾತನ್ನೇ ತುಂಬಿ ಆರೂವರೆಗೆ ಇಟ್ಟಳು; ಡೇರಿಗೆ ಹೋಗುವ ಮುಂಚೆ ತಾಟು ಬಡಿಸಿ ಅದರ ಪಕ್ಕ ಮುಚ್ಚಿಟ್ಟು ಹೋಗುತ್ತಿದ್ದಳು. ಬೇಸಿಗೆಯ ಬಿಸಿಲು ಆಗಿನ್ನೂ ಮಾಳಿಗೆಯ ಮೇಲಿರುತ್ತಿತ್ತು.

ಮೊದಲ ದಿನ ಜಿನ್ನಪ್ಪ ಸಿಡುಕಿದ: "ನಾ ಏನ್ ಕೂಸೇನು, ಗೊಂಬಿ ಕೊಡಾಕ?" ಆಮೇಲೆ ಒಗ್ಗಿಕೊಂಡ. ಒಗ್ಗುವುದೇನು ಬಂತು, ಅದರ ಜೊತೆ ಮಾತಿಗೇ ಇಳಿದ! ಸಣ್ಣ ಸೊಸೆ ಎಂದು ಕರೆದ. ಅದು ಊಟಕ್ಕೆ ಕರೆದರೆ, "ಹೂಂ ಯವ್ವಾ, ಉಣ್ತೇನಿ. ನಿಂದಾತಿಲ್ಲೊ?" ಎಂದು ವಿಚಾರಿಸುತ್ತಿದ್ದ. ಪಕ್ಕದ ಮನೆಯ ಗುಡ್ಡಪ್ಪ ನಕ್ಕರೆ, "ದೊಡ್ಡಾಕಿಗಿಂತ ಈಕಿನ ಚಲೋ ನೋಡಪಾ, ಎದುರ ಮಾತಾಡಂಗಿಲ್ಲ" ಎಂದು ತಾನೂ ನಗುತ್ತಿದ್ದ.

ದೀಪಾವಳಿ ಕಳೆಯಿತು. ಹೊತ್ತು ಬೇಗ ಮುಳುಗತೊಡಗಿತು. ಹಾಳಾದ ಗೊಂಬೆಗೆ ಅದೇನು ಗೊತ್ತು? ಗೊತ್ತಿದ್ದವರು ಅದರ ಮುಳ್ಳು ತಿರುವುವುದನ್ನು ಮರೆತರು. ದನಗಳು ಕೊಟ್ಟಿಗೆಗೆ ಬಂದದ್ದು ಜಿನ್ನಪ್ಪನಿಗೆ ಕೇಳಿಸುತ್ತಿತ್ತು, ಸೊಳ್ಳೆ ಕಡಿಯುತ್ತಿದ್ದವು, ಬೆನ್ನಿಗೆ ಥಂಡಿ ಏರುತ್ತಿತ್ತು. "ಖರೇನ ಹೊತ್ತ ಐತೇನ ಯವ್ವಾ?" ಎಂದು ಒಂದು ಸಂಜೆ ಕೇಳಿಯೂ ಕೇಳಿದ. ಗೊಂಬೆ ಸುಮ್ಮನಿತ್ತು. ಸೊಸೆಯ ದನಿ ಸುಳ್ಳು ಹೇಳೀತೇ ಎಂದುಕೊಂಡು ರೊಟ್ಟಿ ಮುರಿದ.

ಅದೇ ವಾರ ಗುಡ್ಡಪ್ಪ ಬ್ಯಾಟರಿ ಹಿಡಿದು ಒಳಗೆ ಬಂದ. "ಯಾಕ್ರಿ ಕಾಕಾ, ಇಂಥಾ ಕತ್ತಲಾಗ ಉಣ್ಣಾಕತ್ತೀರಿ? ವ್ರತಾ ಬಿಟ್ರೇನ?"

ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಹೊತ್ತ ಮುಳಗೇತೇನೋ?"

"ಯಾವಾಗೋ ಮುಳಗೇತ್ರಿ. ದೀಪಾವಳಿಯಿಂದ ಹಿಂಗ ಐತಲ್ರಿ."

ಜಿನ್ನಪ್ಪ ತುತ್ತು ಉಗುಳಿದ. ಗಂಟಲಿಗೆ ಬೆರಳು ಹಾಕಿ ಕಾರಿಕೊಂಡ. ಇವತ್ತಿನದು ಬಂತು; ಇಷ್ಟು ದಿನದ್ದು ಹೇಗೆ ಬರಬೇಕು? ಅಯ್ಯೋ ಶಿವನೇ, ಮುದುಕ ಆ ವಾಂತಿಯ ಮುಂದೆ ಕೂತು ಕೂಸಿನ ಹಾಗೆ ಅತ್ತ.

ಡೇರಿಯಿಂದ ಬಂದ ರೂಪಾಲಿ ಕಾಲು ಹಿಡಿದಳು. "ತಪ್ಪಾತ್ರಿ ಮಾವಾರ, ನೆನಪ ಹಾರಿತ್ರಿ." ಗೊಂಬೆಯನ್ನು ತಿಪ್ಪೆಗೆ ಎಸೆದಳು, ಡೇರಿ ಬಿಟ್ಟಳು. ಮರುದಿನ ಮಧ್ಯಾಹ್ನ ತಾಟು ತಂದು, "ಹೊತ್ತ ನೆತ್ತಿ ಮ್ಯಾಲೈತ್ರಿ" ಎಂದಳು. ಅವನ ಕೈ ಏಳಲಿಲ್ಲ. ಅವಳು ಆ ಕೈಯನ್ನು ಹಿಡಿದು ಕಟ್ಟೆಯಿಂದಾಚೆ ಬಿಸಿಲಿಗೆ ಚಾಚಿದಳು.

"ಬಿಸಲ ಹತ್ತಿಲ್ಲೇನ್ರಿ?"

"ಹತ್ತೇತಿ. ಮೊನ್ನೆ ಥಂಡೀನೂ ಹತ್ತಿತ್ತು. ಅದನ್ನ ಬಿಟ್ಟ ನಾ ನಿನ್ನ ದನಿ ನಂಬಿದ್ನಿ." ಕೈ ಹಿಂದಕ್ಕೆ ಎಳೆದುಕೊಂಡ. "ಗುಡ್ಡಪ್ಪನ್ನ ಕರಿ. ಅಂವ ಹೇಳಿದ್ರ ಉಣ್ತೇನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದ ಮನೆಗೆ ಹೋದಳು.

ಮುಂದಿನ ಬೇಸಿಗೆಗೆ ಜಿನ್ನಪ್ಪ ಉಳಿಯಲಿಲ್ಲ. ಇದ್ದಷ್ಟು ದಿನ ಗುಡ್ಡಪ್ಪ ಬಂದು ಹೇಳಿದರೆ ಉಂಡ; ಅವನು ಸಂತೆಗೋ ನೆಂಟರ ಊರಿಗೋ ಹೋದ ದಿನ ಉಪವಾಸ ಬಿದ್ದ. ಅಂಥ ದಿನ ರೂಪಾಲಿ ತಾಟು ಮುಂದಿಟ್ಟುಕೊಂಡು, ಒಂದು ಮಾತೂ ಆಡದೆ ಅವನ ಎದುರು ಕೂತಿರುತ್ತಿದ್ದಳು. ಅವಳ ಕಣ್ಣೆದುರೇ ಬಿಸಿಲು ಇಳಿದು ಹೋಗುತ್ತಿತ್ತು.